ಥಿಯೊಡೊರಿಕ್: ಒಂದು ಗಾಥಿಕ್ ಅಂಕಿತನಾಮದ ನಿಷ್ಪತ್ತಿ ಮತ್ತು ರೂಪಾಂತರಗಳು

ವ್ಯಕ್ತಿನಾಮಗಳ ಅಧ್ಯಯನದಲ್ಲಿ ಮೇಲ್ನೋಟದ ಧ್ವನಿಸಾಮ್ಯವು ಹಲವೊಮ್ಮೆ ದಾರಿತಪ್ಪಿಸುತ್ತದೆ. ಕ್ರಿ.ಶ. 493ರಿಂದ 526ರವರೆಗೆ ಇಟಲಿಯನ್ನಾಳಿದ ಪೂರ್ವಗಾಥರ ದೊರೆ ಥಿಯೊಡೊರಿಕನ ಹೆಸರು ಇದಕ್ಕೆ ಉತ್ತಮ ನಿದರ್ಶನ. ಇದು ‘ದೇವರ ಕೊಡುಗೆ’ ಎಂಬರ್ಥದ ಗ್ರೀಕ್ ‘ಥಿಯೊಡೊರಸ್’ನಿಂದ ಬಂದಿತೆಂದು ತೋರುವುದು ಸಹಜ. ಆದರೆ ಎರಡಕ್ಕೂ ಮೂಲಸಂಬಂಧವಿಲ್ಲ.

ಈ ಹೆಸರಿನ ಗಾಥಿಕ್ ರೂಪವನ್ನು ವಿದ್ವಾಂಸರು *ಥಿಯುದರೀಕ್ಸ್ ಎಂದು ಪುನಾರಚಿಸಿದ್ದಾರೆ. ಇದರ ಎರಡು ಘಟಕಗಳೂ 4ನೆಯ ಶತಮಾನದ ವುಲ್ಫಿಲನ ಬೈಬಲ್ ಅನುವಾದದಲ್ಲಿ ದೊರೆಯುತ್ತವೆ. ‘ಥಿಯುದ’ ಎಂದರೆ ಜನ. ‘ರೀಕ್ಸ್’ ಎಂದರೆ ಒಡೆಯ. ‘ಜನರ ಒಡೆಯ’ ಎಂಬ ಈ ಅಂಕಿತನಾಮವು ದೊರೆಯ ವಿಷಯದಲ್ಲಿ ಅನ್ವರ್ಥವೂ ಆಯಿತು. ಅವನ ಚಿನ್ನದ ಪದಕವೊಂದರ ಮೇಲಿನ ಲ್ಯಾಟಿನ್ ರೂಪ ‘ಥಿಯೊಡೆರಿಕುಸ್’. ಅನಂತರ ನೆಲೆಗೊಂಡ ‘ಡೊ’ಕಾರದಲ್ಲಿ ಥಿಯೊಡೊರಸ್ ಹೆಸರಿನ ಪ್ರಭಾವವನ್ನು ಕಾಣಬಹುದು.

‘ರೀಕ್ಸ್’ ಲ್ಯಾಟಿನ್ನಿನ ‘ರೇಕ್ಸ್’, ಸಂಸ್ಕೃತದ ‘ರಾಜನ್’ ಶಬ್ದಗಳ ಜ್ಞಾತಿ. ಮೂಲದ ದೀರ್ಘ ಏಕಾರವು ಈಕಾರವಾಗುವುದು ಕೆಲ್ಟಿಕ್ ಭಾಷೆಗಳ ಲಕ್ಷಣ. ಆದುದರಿಂದ ಜರ್ಮಾನಿಕ್ ಜನರು ಈ ಪದವನ್ನು ಕೆಲ್ಟರಿಂದ ಎರವಲು ಪಡೆದರೆಂಬುದು ಅಂಗೀಕೃತ ಅಭಿಪ್ರಾಯ.

ರೂಪಾಂತರಗಳೂ ಧ್ವನಿನಿಯಮಕ್ಕೆ ಬದ್ಧವಾಗಿವೆ. ಜರ್ಮನ್ನಿನಲ್ಲಿ ಆದಿಯ ಥಕಾರವು ದಕಾರವಾಗಿ, ಅಂತ್ಯದ ಕಕಾರವು ಊಷ್ಮಧ್ವನಿಯಾಗಿ ‘ಡೀಟ್ರಿಖ್’ ಎಂದಾಯಿತು. ಮಧ್ಯಯುಗದ ಜರ್ಮನ್ ವೀರಕಾವ್ಯಗಳ ‘ಬೆರ್ನಿನ ಡೀಟ್ರಿಖ್’ ಇವನೇ. ಅಲ್ಲಿಯ ಬೆರ್ನ್ ಇಟಲಿಯ ವೆರೋನಾ. ಡಚ್ಚಿನ ‘ಡೀಡೆರಿಕ್’, ‘ಡಿರ್ಕ್’ ರೂಪಗಳಲ್ಲಿ ಕಕಾರ ಉಳಿದಿದೆ. ಫ್ರಾಂಕರ ಮೂಲಕ ಫ್ರೆಂಚಿನಲ್ಲಿ ‘ತಿಯೆರಿ’ ಬಂದಿತು. ಇಂಗ್ಲಿಷ್ ಆದಿಯ ಥಕಾರವನ್ನು ಉಳಿಸಿಕೊಳ್ಳುವ ಭಾಷೆ. ಹಳೆಯ ಇಂಗ್ಲಿಷಿನಲ್ಲಿ ‘ಥಿಯೊದ್ರಿಕ್’ ಎಂದೇ ಇದ್ದಿತು. ಹೀಗಿರುವಾಗ ‘ಡೆರೆಕ್’ನ ಡಕಾರವೇ ಅದು ದೇಶ್ಯವಲ್ಲವೆಂಬುದಕ್ಕೆ ಸಾಕ್ಷಿ. 15ನೆಯ ಶತಮಾನದಲ್ಲಿ ಅದು ಡಚ್ ಪ್ರದೇಶದಿಂದ ಬಂದ ಎರವಲು.

ವೆಲ್ಷಿನ ‘ತುದುರ್’ ಬೇರೊಂದು ಬಗೆಯದು. 1485ರಿಂದ 1603ರವರೆಗೆ ಇಂಗ್ಲೆಂಡನ್ನಾಳಿದ ಟ್ಯೂಡರ್ ವಂಶದ ಹೆಸರು ಇದರಿಂದಲೇ ಬಂದುದು. ಇದು ಕೆಲ್ಟಿಕ್ *ತೌತೊರೀಕ್ಸ್‌ನಿಂದ ನಿಷ್ಪನ್ನ. ಮೂಲದ ತಕಾರವು ಜರ್ಮಾನಿಕ್‌ನಲ್ಲಿ ಥಕಾರವಾಗುತ್ತದೆ, ಕೆಲ್ಟಿಕ್‌ನಲ್ಲಿ ಉಳಿಯುತ್ತದೆ. ಎಂದರೆ ತುದುರ್ ಎರವಲಲ್ಲ, ಜ್ಞಾತಿಶಬ್ದ.

ಹೀಗೆ ಥಿಯೊಡೊರಸ್ ಕೇವಲ ಸಾದೃಶ್ಯ, ಡೆರೆಕ್ ಎರವಲು, ತುದುರ್ ಜ್ಞಾತಿ. ಪುಲಿಗೆರೆ ಹುಲಿಗೆರೆಯಾದುದನ್ನು ಪಕಾರ-ಹಕಾರ ವ್ಯತ್ಯಯದ ನಿಯಮದಿಂದ ವಿವರಿಸುವ ನಮಗೆ ಈ ವಿಧಾನ ಅಪರಿಚಿತವಲ್ಲ. ಶಾಸನಗಳ ವ್ಯಕ್ತಿನಾಮಗಳಿಗೆ ಸಂಸ್ಕೃತಮೂಲವನ್ನೋ ದ್ರಾವಿಡಮೂಲವನ್ನೋ ಹೇಳುವ ಮುನ್ನ ಈ ಮೂರನ್ನೂ ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಇಲ್ಲವಾದಲ್ಲಿ ಹೆಸರಿನ ಆಧಾರದ ಮೇಲೆ ಕಟ್ಟುವ ಜನಾಂಗ ಚರಿತ್ರೆಯೂ ತಪ್ಪಾಗುತ್ತದೆ.