ಗಾಜು ಕೆರೆಯುವ ಪಟ್ಟೆಹುಳು

ಮೀನಿನ ತೊಟ್ಟಿ ಇಟ್ಟವರ ನಿತ್ಯದ ಗೋಳು ಪಾಚಿ. ಕಿಟಕಿಯ ಬಿಸಿಲು ನಾಲ್ಕು ದಿನ ಬಿದ್ದರೆ ಗಾಜು ಹಸಿರು. ಹೊಸ ತೊಟ್ಟಿಯಾದರೆ ಕಂದು ಲೇಪ. ಉಜ್ಜಿ ಉಜ್ಜಿ ಸೋತವರ ಕೈಗೆ ಅಂಗಡಿಯವರು ಕೊಡುವುದು ಅಡಿಕೆ ಗಾತ್ರದ ಒಂದು ಬಸವನಹುಳು: ಜೀಬ್ರಾ ನೆರೈಟ್.

ಹಳದಿ ಚಿಪ್ಪು, ಅದರ ಮೇಲೆ ಅಂಕುಡೊಂಕಾದ ಕಪ್ಪು ಪಟ್ಟೆ. ಚಿಪ್ಪು ಬೆಳೆಯುವುದು ಬಾಯಂಚಿನಲ್ಲಿ ಮಾತ್ರ, ಬಣ್ಣ ಸೇರುವುದೂ ಅಲ್ಲೇ. ಒಂದರ ಪಟ್ಟೆ ಇನ್ನೊಂದರದನ್ನು ಹೋಲುವುದಿಲ್ಲ. ಹುಳುವಿನ ಬಾಯೊಳಗೆ ನೂರಾರು ಪುಟ್ಟ ಹಲ್ಲುಗಳ ಪಟ್ಟಿಯಿದೆ. ಗಾಜಿನ ಮೇಲೆ ಹುಳು ನಿಧಾನಕ್ಕೆ ಸಾಗುತ್ತಿದ್ದರೆ ತುರಿಮಣೆಯೇ ಹೊರಟಂತೆ.

1855ರಲ್ಲಿ ರೀವ್ ಎಂಬ ವಿಜ್ಞಾನಿ ಇದಕ್ಕಿಟ್ಟ ಹೆಸರಿನಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಇದೆ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ, ನದಿ ಕಡಲು ಸೇರುವ ಅಳಿವೆಗಳಲ್ಲಿ ಇದರ ವಾಸ. (ಜೀಬ್ರಾ ನೆರೈಟ್ ಎಂಬ ಹೆಸರಿನಲ್ಲಿ ಏಷ್ಯಾದ ಬೇರೆ ಪಟ್ಟೆಹುಳುಗಳೂ ಮಾರಾಟವಾಗುತ್ತವೆ.) ನಮ್ಮ ಕರಾವಳಿಯ ಕಾಂಡ್ಲಾ ಕಾಡಿನಲ್ಲೂ ಇದರ ದಾಯಾದಿಗಳಿವೆ.

ಈ ಅಳಿವೆಯ ಹುಟ್ಟೇ ಅದನ್ನು ಸಾಕುವವರಿಗೆ ವರವಾಗಿದೆ. ಬೇರೆ ಕೆಲವು ಬಸವನಹುಳುಗಳನ್ನು ಒಂದೆರಡು ತಂದರೂ ತಿಂಗಳೊಪ್ಪತ್ತಿನಲ್ಲಿ ತೊಟ್ಟಿ ತುಂಬಾ ಮರಿ. ನೆರೈಟ್ ಹಾಗಲ್ಲ. ಗಂಡು ಹೆಣ್ಣು ಬೇರೆ ಬೇರೆ. ಕೂಡಿ ಮೊಟ್ಟೆಯಿಟ್ಟರೂ ಮರಿಹುಳು ಬೆಳೆಯಲು ಉಪ್ಪುನೀರು ಬೇಕು. ಸಿಹಿನೀರಿನ ತೊಟ್ಟಿಯಲ್ಲಿ ಸಂತಾನ ಮುಂದುವರಿಯದು. ಇದರ ಇನ್ನೊಂದು ಮುಖವನ್ನು ಅಂಗಡಿಯವರು ಹೇಳುವುದು ಕಡಿಮೆ: ಮಾರಾಟಕ್ಕೆ ಬರುವ ಹುಳುಗಳಲ್ಲಿ ಹೆಚ್ಚಿನವು ಯಾವುದೋ ಅಳಿವೆಯಿಂದ ಹೆಕ್ಕಿ ತಂದವು.

ಸಾಕುವುದು ಕಷ್ಟವಲ್ಲ, ಆದರೆ ಕೆಲವು ಪಥ್ಯಗಳಿವೆ. ತೀರಾ ಮೆದುವಾದ, ಆಮ್ಲೀಯ ನೀರಿನಲ್ಲಿ ಚಿಪ್ಪು ಸವೆಯುತ್ತದೆ. ಕ್ಯಾಲ್ಸಿಯಂ ಇರುವ ಗಡಸು ನೀರೇ ವಾಸಿ. ಮೀನಿನ ಔಷಧಿಯಲ್ಲಿ ತಾಮ್ರವಿದ್ದರೆ ಹುಳು ಸತ್ತಂತೆಯೇ. ತೊಟ್ಟಿಗೆ ಮುಚ್ಚಳ ಇರಲಿ, ರಾತ್ರಿ ಹತ್ತಿ ಹೊರಗೆ ಬೀಳುವ ಚಾಳಿ ಇದಕ್ಕುಂಟು. ಮಗುಚಿ ಬಿದ್ದರೆ ತಾನಾಗಿ ಹೊರಳುವುದೂ ಕಷ್ಟ, ನೋಡಿದವರೇ ತಿರುಗಿಸಬೇಕು. ಪಾಚಿಯೆಲ್ಲ ಖಾಲಿಯಾದ ಚೊಕ್ಕ ತೊಟ್ಟಿಯಲ್ಲಿ ಇದು ಹಸಿವಿನಿಂದಲೇ ಸಾಯಬಹುದು. ಆಗ ಬೇಯಿಸಿದ ಸೌತೆಕಾಯಿಯ ಹೋಳು ಹಾಕಿ ನೋಡಬಹುದು, ಆದರೆ ಕೆಲವು ಹುಳುಗಳು ಅದನ್ನು ಮುಟ್ಟುವುದಿಲ್ಲ.

ಇನ್ನು ಮೊಟ್ಟೆಯ ತಕರಾರು. ಒಡೆದು ಮರಿಯಾಗದ ಆ ಬಿಳಿ ಚುಕ್ಕಿಗಳು ಎಳ್ಳು ಚೆಲ್ಲಿದಂತೆ ಕಲ್ಲಿಗೆ, ಮರದ ತುಂಡಿಗೆ, ಗಾಜಿಗೆ ಅಂಟಿ ಕೂರುತ್ತವೆ. ಗಾಜಿನ ಮೇಲಿನವನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಬಹುದು.