ಏಳು ಗಂಟೆಯ ಅರಮನೆ

ನಮ್ಮ ದಾಸನಕೊಪ್ಪದ ಸೀಮೆಯಲ್ಲಿ ಶರದೃತುವಿನ ರಾತ್ರಿ ಎಂದರೆ ಭೂಮಿ ಹುಣ್ಣಿಮೆ. ಮಳೆ ಹಿಂದೆ ಸರಿದಿರುತ್ತದೆ, ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು, ಬೆಳಕು ಹರಿಯುವ ಮೊದಲೇ ದೀಪ ಹಿಡಿದು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಚರಗ ಬೀರುತ್ತಾರೆ. ಆ ಹುಣ್ಣಿಮೆಗೆ ಐದೇ ದಿನ ಮುಂಚೆ, ವಿಜಯದಶಮಿಯ ರಾತ್ರಿ, ಮೈಸೂರಿನಲ್ಲಿ ಇನ್ನೊಂದು ಬಗೆಯ ಬೆಳಕು ಹತ್ತಿರುತ್ತದೆ. ಸೋದೆಯ ಅರಸರು ಹೈದರಾಲಿಯ ಕಾಲದಲ್ಲಿ ಗೋವೆಗೆ ಹೋದ ಮೇಲೆ ನಮ್ಮ ಮಕ್ಕಳಿಗೆ ತೋರಿಸಲು ಹತ್ತಿರದಲ್ಲೊಂದು ಅರಸರ ಮನೆ ಉಳಿದಿಲ್ಲ. ಶಿರಸಿಗೆ ಹೋಗಿ, ರಾತ್ರಿ ಬಸ್ಸು ಹಿಡಿದು, ಮೈಸೂರಿಗೇ ಹೋಗಬೇಕು.

ಹೋದವರು ಹಗಲಲ್ಲಿ ಅರಮನೆಯ ಒಳಗೆ ನೋಡುತ್ತಾರೆ: ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳ ಕಲ್ಯಾಣಮಂಟಪ, ನವಿಲುಗಳ ಬಣ್ಣದ ಗಾಜು, ದರ್ಬಾರ್ ಹಾಲು. ನನಗೆ ಮಾತ್ರ ಈ ಅರಮನೆ ಪೂರ್ತಿ ಸಿಗುವುದು ಹೊರಗಿನ ಅಂಗಳದಲ್ಲಿ, ಭಾನುವಾರವೋ ರಜಾದಿನವೋ ಸಂಜೆ ಏಳಕ್ಕೆ. ದಸರೆಯ ದಿನಗಳಲ್ಲಾದರೆ ದಿನವೂ. ಅಲ್ಲಿಯವರೆಗೆ ಬೂದು ಕಲ್ಲಾಗಿದ್ದ ಕಟ್ಟಡದ ಕಮಾನು, ಗೋಪುರ, ಗುಮ್ಮಟಗಳ ಅಂಚಿಗೆಲ್ಲ ಒಮ್ಮೆಲೇ ಬೆಳಕು ಹರಿಯುತ್ತದೆ. ಲಕ್ಷದ ಹತ್ತಿರ ಬಲ್ಬುಗಳು. ನೆರೆದ ಸಾವಿರಾರು ಜನರ ಬಾಯಿಂದ ಒಂದೇ ಉದ್ಗಾರ ಬರುತ್ತದೆ. ಪ್ರತಿ ಸಲವೂ ನನ್ನ ಬಾಯಿಂದಲೂ.

ಆ ಬಲ್ಬುಗಳು ಬರಿಯ ಅಲಂಕಾರವಲ್ಲ, ಅರಮನೆಯ ಚರಿತ್ರೆಯ ಭಾಗ. ಇಲ್ಲಿದ್ದ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ದಿನಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರದು. ಹೊಸ ಅರಮನೆಯ ನಕ್ಷೆ ಹೆನ್ರಿ ಇರ್ವಿನ್‌ನದು. ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟಿ ಮುಗಿಸಿದ್ದು 1912ರಲ್ಲಿ, ತಗುಲಿದ ವೆಚ್ಚ ಸುಮಾರು ನಲವತ್ತೊಂದೂವರೆ ಲಕ್ಷ ರೂಪಾಯಿ. ಅದೇ ಹದಿನೈದು ವರ್ಷಗಳಲ್ಲಿ ಕಾವೇರಿ ಶಿವನಸಮುದ್ರದಲ್ಲಿ ವಿದ್ಯುತ್ತಾದಳು. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಬೆಂಕಿಯಲ್ಲಿ ಸುಟ್ಟ ಮನೆಗೆ ನೀರಿನಿಂದ ಹುಟ್ಟಿದ ದೀಪ. ಶರಾವತಿಗೂ ಕಾಳಿಗೂ ಅಣೆಕಟ್ಟು ಕಟ್ಟಿಸಿಕೊಂಡ ಜಿಲ್ಲೆಯಿಂದ ಹೋದವನಿಗೆ ಆ ಬೆಳಕಿನ ಹಿಂದೆ ನೀರು ಕಾಣದೆ ಇರುವುದಿಲ್ಲ.

ಇದೇ ಋತುವಿನಲ್ಲಿ ದಕ್ಷಿಣ ಕೊರಿಯದ ರಾಜಧಾನಿ ಸೋಲ್‌ನಲ್ಲೂ ಜನ ರಾತ್ರಿ ಅರಮನೆಗೆ ಹೋಗುತ್ತಾರೆ. ಅಲ್ಲಿನ ಶರತ್ಕಾಲದ ದೊಡ್ಡ ಹಬ್ಬ ಚುಸೊಕ್ ಸಾಮಾನ್ಯವಾಗಿ ನಮ್ಮ ಅನಂತನ ಹುಣ್ಣಿಮೆಯ ಆಸುಪಾಸಿನಲ್ಲೇ ಬರುತ್ತದೆ. ಹೊಸ ಅಕ್ಕಿಯ ಹಿಟ್ಟಿನಲ್ಲಿ ಅರ್ಧಚಂದ್ರದಂಥ ಕಡುಬು ಮಾಡಿ, ಪೈನ್ ಮರದ ಎಲೆಗಳ ಮೇಲೆ ಬೇಯಿಸಿ, ಹಿರಿಯರಿಗೆ ಎಡೆ ಇಡುತ್ತಾರೆ. ನಮ್ಮಲ್ಲೂ ಆ ಹುಣ್ಣಿಮೆಯ ಮರುದಿನದಿಂದ ಪಿತೃಪಕ್ಷವಲ್ಲವೇ? ಅರಿಶಿನ ಎಲೆಯ ಕಡುಬು ತಿಂದು ಬೆಳೆದವರಿಗೆ ಆ ಅಡುಗೆಮನೆ ದೂರದ್ದೆನಿಸದು.

ಸೋಲ್‌ನ ದೊಡ್ಡ ಅರಮನೆ ಗ್ಯೊಂಗ್‌ಬೊಕ್‌ಗುಂಗ್ ಕಟ್ಟಿದ್ದು 1395ರಲ್ಲಿ. 1592ರಲ್ಲಿ ಜಪಾನಿನ ದಂಡಯಾತ್ರೆಯ ವೇಳೆ ಅದೂ ಸುಟ್ಟುಹೋಯಿತು. 1867ರವರೆಗೆ ಪಾಳು ಬಿದ್ದಿತ್ತು. ಮತ್ತೆ ಕಟ್ಟಿದ್ದರಲ್ಲಿ ಬಹುಪಾಲನ್ನು ಜಪಾನಿನ ಆಳ್ವಿಕೆ ಕೆಡವಿಹಾಕಿತು. ಈಗ ಒಂದೊಂದಾಗಿ ಎಬ್ಬಿಸುತ್ತಿದ್ದಾರೆ. ಕೊರಿಯದ ಮೊದಲ ವಿದ್ಯುದ್ದೀಪ ಹತ್ತಿದ್ದೂ ಇದೇ ಅರಮನೆಯಲ್ಲಿ, 1887ರಲ್ಲಿ. ಎಡಿಸನ್ ಕಂಪನಿಯ ಯಂತ್ರ, ಅರಮನೆಯ ಕೊಳದ ನೀರು. ಇಂದು ವಸಂತದಲ್ಲೂ ಶರತ್ಕಾಲದಲ್ಲೂ ಕೆಲವು ವಾರ ರಾತ್ರಿ ಬಾಗಿಲು ತೆರೆಯುತ್ತಾರೆ. ನಲವತ್ತೆಂಟು ಕಲ್ಲುಕಂಬಗಳ ಮೇಲೆ ನಿಂತ ಗ್ಯೊಂಗ್‌ಹೋರು ಮಂಟಪದ ನೆರಳು ಕೊಳದಲ್ಲಿ ತಲೆಕೆಳಗಾಗಿ ತೇಲುತ್ತದೆ.

ಆದರೆ ನನ್ನ ಮನಸ್ಸು ನಿಂತದ್ದು ಪಕ್ಕದ ಚಾಂಗ್‌ಡೊಕ್‌ಗುಂಗ್‌ನಲ್ಲಿ. 1405ರ ಈ ಅರಮನೆಯಲ್ಲಿ 2010ರಿಂದ ಬೆಳದಿಂಗಳ ನಡಿಗೆ ನಡೆಯುತ್ತಿದೆ. ಸಣ್ಣ ಸಣ್ಣ ಗುಂಪು. ಬಂದವರ ಕೈಗೆ ಒಂದೊಂದು ಲಾಂದ್ರ. ಹೆಬ್ಬಾಗಿಲು ದಾಟಿ, ಹಳೆಯ ಕಲ್ಲುಸೇತುವೆ ದಾಟಿ, ಹಿಂದಿನ ತೋಟದವರೆಗೆ ನಡಿಗೆ, ಕೊನೆಗೆ ಸಂಗೀತ. ಅಲ್ಲಿ ಬೆಳಕು ಕಟ್ಟಡದ ಮೇಲಿಲ್ಲ, ನಡೆಯುವವರ ಕೈಯಲ್ಲಿದೆ. ಕೈಯಳತೆಯ ಆಚೆಗಿನದ್ದೆಲ್ಲ ಕತ್ತಲೆಯದು, ಮರದ್ದು, ಚಂದ್ರನದು. ಭೂಮಿ ಹುಣ್ಣಿಮೆಗೆ ಗದ್ದೆಯ ಬದುವಿನ ಮೇಲೆ ನಡೆದವರಿಗೆ ಈ ಅಳತೆ ಗೊತ್ತು.

ಮೈಸೂರಿನ ಬೆಳಕು ಮೆರವಣಿಗೆಯದು. ಅದರಲ್ಲಿ ತಪ್ಪೇನಿಲ್ಲ, 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಆರಂಭಿಸಿದ ದಸರೆಯೇ ಊರಿಗೆ ಊರೇ ಸೇರಿ ನೋಡುವ ಹಬ್ಬ. ಹಾಗಿದ್ದೂ ಶರದೃತುವಿನ ಒಂದು ರಾತ್ರಿ, ದಸರೆಯ ಗದ್ದಲ ಕಳೆದ ಮೇಲೆ, ಭೂಮಿ ಹುಣ್ಣಿಮೆಯಂದೇ, ಇಪ್ಪತ್ತು ಇಪ್ಪತ್ತೈದು ಜನರನ್ನು ಲಾಟೀನು ಕೊಟ್ಟು ಆ ಅಂಗಳದಲ್ಲಿ ನಡೆಸಬಾರದೇಕೆ? ಸುತ್ತಲಿನ ಗುಡಿಗಳ ಕಥೆ, ಸುಟ್ಟುಹೋದ ಮರದ ಅರಮನೆಯ ಕಥೆ ಮೆಲ್ಲನೆ ಹೇಳಲು ಅಂಥ ಬೆಳಕೇ ಬೇಕು.

ಅಲ್ಲಿಯವರೆಗೆ, ಹೋಗುವವರಿಗೆ ಒಂದು ಮಾತು. ಆರೂವರೆಗೇ ಅಂಗಳ ಸೇರಿ. ಮುಸ್ಸಂಜೆಯಲ್ಲಿ ಬಲ್ಬುಗಳಿಲ್ಲದ ಕಟ್ಟಡ ನೋಡಿಕೊಳ್ಳಿ. ಭಾನುವಾರವಾದರೆ ಎಂಟಕ್ಕೆ ದೀಪ ಆರುತ್ತದೆ, ಎಲ್ಲರೂ ಬಾಗಿಲ ಕಡೆ ಧಾವಿಸುತ್ತಾರೆ. ನೀವು ಧಾವಿಸಬೇಡಿ. ಕಣ್ಣಿಗೆ ಕತ್ತಲು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಆಮೇಲೆ ಚಿನ್ನದ ಲೇಪದ ಗುಮ್ಮಟ ಆಕಾಶದಲ್ಲಿ ತಾನೇ ತಾನಾಗಿ ಮೂಡುತ್ತದೆ. ಕಾವಲುಗಾರ ಸೀಟಿ ಊದುವವರೆಗೆ ನಿಂತಿರಿ.