ಆ ಫಾರ್ಮಿನಲ್ಲಿ ನಾನು ‘ಇಂಗ್ಲಿಷ್’ ಅಂತ ಬರೆದೆ

ಅಮೆರಿಕಕ್ಕೆ ಬಂದು ಒಂಬತ್ತನೇ ದಿನ. ಆಗಸ್ಟ್ ಕೊನೆಯ ವಾರ. ನ್ಯೂಜೆರ್ಸಿಯ ಒಂದು ಸರ್ಕಾರಿ ಶಾಲೆಯ ಆಫೀಸಿನಲ್ಲಿ ಕೂತು ಮಗನ ಅಡ್ಮಿಷನ್ ಫಾರ್ಮ್ ತುಂಬುತ್ತಿದ್ದೆ. ಜನನ ಪ್ರಮಾಣಪತ್ರ, ಲಸಿಕೆ ಚೀಟಿ, ಬಾಡಿಗೆ ಕರಾರು ಎಲ್ಲ ಸರಿಯಾಗಿತ್ತು. ಕೊನೆಗೆ ಉಳಿದಿದ್ದು ಒಂದೇ ಹಾಳೆ: ಹೋಮ್ ಲ್ಯಾಂಗ್ವೇಜ್ ಸರ್ವೇ.

ಮಗು ಮೊದಲು ಕಲಿತ ಭಾಷೆ ಯಾವುದು? ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತೀರಿ? ಮಗು ನಿಮ್ಮ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆ?

ಮೂರಕ್ಕೂ ‘ಇಂಗ್ಲಿಷ್’ ಅಂತ ಬರೆದೆ.

ಪಕ್ಕದಲ್ಲಿದ್ದ ಗಂಡ ಇಣುಕಿ ನೋಡಿದ. “ಏನೇ ಇದು, ಸುಳ್ಳು ಬರೀತಿದೀಯ?”

“ಸುಮ್ನಿರು. ಕನ್ನಡ ಅಂತ ಬರೆದ್ರೆ ಇಂಗ್ಲಿಷ್ ಬರದ ಮಕ್ಕಳ ಜೊತೆ ಬೇರೆ ಕೂರಿಸ್ತಾರಂತೆ. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಹೇಳಿದಾರೆ.”

ಮಗನಿಗೆ ಏಳು ವರ್ಷ. ದಾವಣಗೆರೆಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲೇ ಒಂದನೇ ಕ್ಲಾಸ್ ಮುಗಿಸಿದ್ದ. ಪುಸ್ತಕ ಪಟಪಟ ಓದುತ್ತಿದ್ದ. ಇನ್ನೇನು ಬೇಕು ಅನ್ನೋದು ನನ್ನ ಲೆಕ್ಕ. ಅದರ ಹಿಂದೆ ಒಂದು ಹಳೇ ನೋವೂ ಇತ್ತು. ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನನ್ನು ಅಪ್ಪ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರು. ವಿಜ್ಞಾನದ ಪಾಠ ಮೂರು ತಿಂಗಳು ತಲೆಗೆ ಹೋಗಲಿಲ್ಲ. ‘ನಿನಗೆ ಅರ್ಥ ಆಗ್ತಿದೆಯಾ’ ಅಂತ ಒಬ್ಬರೂ ಕೇಳಲಿಲ್ಲ. ಕ್ಲಾಸಿಗೇ ಮೊದಲಿಗಳಾಗಿದ್ದವಳು ಕೊನೇ ಬೆಂಚಿಗೆ ಹೋದೆ. ನನ್ನ ಮಗನ ಮೇಲೆ ‘ಇಂಗ್ಲಿಷ್ ಬರಲ್ಲ’ ಅನ್ನೋ ಮಾತು ಬೀಳಲೇಬಾರದು ಅಂತ ಆಗಲೇ ಗಂಟು ಹಾಕಿಕೊಂಡಿದ್ದೆನೇನೋ.

ಕಿರುಬೆರಳಿನ ಕಥೆ

ಅಕ್ಟೋಬರ್ ಮಧ್ಯದಲ್ಲಿ ಶಾಲೆಯಿಂದ ಫೋನ್ ಬಂತು. “ಗಾಬರಿಯಾಗಬೇಡಿ, ಒಂದು ಜೊತೆ ಪ್ಯಾಂಟ್ ತರ್ತೀರಾ?”

ಹೋಗಿ ನೋಡಿದರೆ ನರ್ಸ್ ರೂಮಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಮನೆಗೆ ಬರುವವರೆಗೂ ಬಾಯಿ ಬಿಡಲಿಲ್ಲ. ರಾತ್ರಿ ಹೊದ್ದುಕೊಂಡ ಮೇಲೆ ಹೇಳಿದ: “ನಾನು ಬೆರಳು ತೋರಿಸ್ದೆ ಅಮ್ಮ. ಮಿಸ್ ನಕ್ಕು ಅವರೂ ಬೆರಳು ತೋರಿಸಿದ್ರು.”

ನಮ್ಮೂರಲ್ಲಿ ಕಿರುಬೆರಳು ಎತ್ತಿದರೆ ಒಂದಕ್ಕೆ ಹೋಗಬೇಕು ಅಂತ ಯಾವ ಟೀಚರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಆಕೆ ಅದನ್ನು ಆಟ ಅಂದುಕೊಂಡಿದ್ದಾರೆ. ಬಾಯಿಬಿಟ್ಟು ಕೇಳೋಕೆ ಅವನಿಗೆ ವಾಕ್ಯ ಹೊಳೆದಿಲ್ಲ. ಪುಸ್ತಕ ಓದುವ ಹುಡುಗನಿಗೆ ಬಾತ್‌ರೂಮ್ ಕೇಳೋಕೆ ಬಂದಿಲ್ಲ.

ಮಾರನೇ ದಿನ ಕ್ಲಾಸ್ ಟೀಚರ್ ಜೊತೆ ಇನ್ನೊಬ್ಬರು ಕೂತಿದ್ದರು, ಇಎಸ್‌ಎಲ್ ಟೀಚರ್. ಅಂದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವವರು. ಆರು ವಾರದಲ್ಲಿ ಅವನು ಕ್ಲಾಸಿನಲ್ಲಿ ಆಡಿದ್ದು ‘ಯೆಸ್’, ‘ನೋ’, ‘ಓಕೆ’ ಮೂರೇ ಮಾತಂತೆ. ಆಕೆ ಮೆಲ್ಲಗೆ ಕೇಳಿದರು: “ಬಿದ್ದು ಪೆಟ್ಟಾದಾಗ ಅವನು ಯಾವ ಭಾಷೆಯಲ್ಲಿ ಅಳ್ತಾನೆ?”

ಇನ್ನು ಸುಳ್ಳು ಹೇಳಲಾಗಲಿಲ್ಲ. “ಕನ್ನಡದಲ್ಲಿ,” ಅಂದೆ. ಆಕೆ ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅದೇ ಫಾರ್ಮಿನ ಹೊಸ ಪ್ರತಿ ಮುಂದೆ ಇಟ್ಟರು.

ಆ ಹಾಳೆ ನಿಜಕ್ಕೂ ಏನು ಮಾಡುತ್ತದೆ?

ನನಗೆ ಅವತ್ತು ಗೊತ್ತಾಗಿದ್ದು ಇಷ್ಟು. ‘ಕನ್ನಡ’ ಅಂತ ಬರೆದ ತಕ್ಷಣ ಮಗುವನ್ನು ಬೇರೆ ಕೂರಿಸುವುದಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರೆದರೆ ಒಂದು ಸಣ್ಣ ಪರೀಕ್ಷೆಯ ಬಾಗಿಲು ತೆರೆಯುತ್ತದೆ, ಅಷ್ಟೇ. ಅದಕ್ಕೆ ಸ್ಕ್ರೀನರ್ ಅಂತಾರೆ. ಮಗು ಅದರಲ್ಲಿ ಚೆನ್ನಾಗಿ ಮಾಡಿದರೆ ವಿಷಯ ಅಲ್ಲಿಗೇ ಮುಗಿಯಿತು. ‘ಇಂಗ್ಲಿಷ್’ ಅಂತ ಬರೆದರೆ ಪರೀಕ್ಷೆಯೇ ತಪ್ಪಿಹೋಗಬಹುದು. ನಾನು ಮಾಡಿದ್ದು ಅದನ್ನೇ.

ನ್ಯೂಜೆರ್ಸಿ ಸೇರಿದಂತೆ ಬಹುತೇಕ ರಾಜ್ಯಗಳು ವೀಡಾ ಎಂಬ ಒಕ್ಕೂಟದ ಪರೀಕ್ಷೆ ಬಳಸುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಿಗೆ ತಮ್ಮದೇ ಪರೀಕ್ಷೆ ಇದೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ನನ್ನ ಮಗ ಓದುವುದರಲ್ಲಿ ಮುಂದೆ, ಕೇಳುವುದರಲ್ಲಿ ನಡುವೆ, ಮಾತಾಡುವುದರಲ್ಲಿ ತೀರಾ ಹಿಂದೆ. ನಾನು ಮೊದಲನೆಯದನ್ನು ಮಾತ್ರ ನೋಡಿ ಹೆಮ್ಮೆಪಟ್ಟಿದ್ದೆ.

ಫಲಿತಾಂಶ ಮನೆಗೆ ಪತ್ರವಾಗಿ ಬರುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ಸೇರಿದವರಿಗೆ 30 ದಿನದೊಳಗೆ, ನಡುವೆ ಸೇರಿದವರಿಗೆ ಎರಡು ವಾರದೊಳಗೆ ತಿಳಿಸಬೇಕು ಅನ್ನುತ್ತದೆ ಅಲ್ಲಿನ ಫೆಡರಲ್ ಕಾನೂನು. ಈ ನೆರವು ಬೇಡ ಅನ್ನುವ ಹಕ್ಕು ತಂದೆತಾಯಿಗೆ ಇದೆ. ಬೇಡ ಅಂದರೂ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪುವುದಿಲ್ಲ.

ಇದು ಶಾಲೆ ತೋರಿಸುವ ದಯೆಯಲ್ಲ, ಮಕ್ಕಳ ಹಕ್ಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು ಪಾಠ ಅರ್ಥವಾಗದೆ ಸುಮ್ಮನೆ ಕೂತಿರುತ್ತಿದ್ದರು. ಅವರ ಪರವಾಗಿ ಹೂಡಿದ ಮೊಕದ್ದಮೆ ‘ಲಾವ್ ವರ್ಸಸ್ ನಿಕೋಲ್ಸ್’. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಓದುವಾಗ ನನಗೆ ನೆನಪಾಗಿದ್ದು ಎಂಟನೇ ಕ್ಲಾಸಿನ ನನ್ನ ಕೊನೇ ಬೆಂಚು.

ಆಮೇಲೆ ಏನೇನು ಬದಲಾಯಿತು?

ಅವನು ಅದೇ ಕ್ಲಾಸಿನಲ್ಲೇ ಉಳಿದ. ದಿನಕ್ಕೆ ಅರ್ಧ ಗಂಟೆ ಮಾತ್ರ ಇಎಸ್‌ಎಲ್ ಟೀಚರ್ ಹತ್ತಿರ ಹೋಗುತ್ತಿದ್ದ. ಅಲ್ಲಿ ಐದೇ ಮಕ್ಕಳು. ಯಾರದ್ದೋ ಸ್ಪ್ಯಾನಿಷ್, ಯಾರದ್ದೋ ಗುಜರಾತಿ, ಪೋರ್ಚುಗೀಸ್. ತಪ್ಪಾದರೆ ನಗುವವರಿಲ್ಲ.

ಕ್ಲಾಸಿನಲ್ಲೂ ಸಣ್ಣಪುಟ್ಟ ಬದಲಾವಣೆ. ಡೆಸ್ಕಿನ ಮೇಲೆ ಚಿತ್ರದ ಕಾರ್ಡುಗಳು: ಬಾತ್‌ರೂಮ್, ನೀರು, ‘ಇನ್ನೊಮ್ಮೆ ಹೇಳಿ’. ಪ್ರಶ್ನೆ ಕೇಳಿದ ಮೇಲೆ ಟೀಚರ್ ಉತ್ತರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತಿದ್ದರು. ವಾಕ್ಯದ ಮೊದಲರ್ಧ ಬೋರ್ಡಿನ ಮೇಲೆ ಇರುತ್ತಿತ್ತು, ಇವನು ಉಳಿದದ್ದು ಸೇರಿಸಿದರೆ ಸಾಕು. ಪಕ್ಕಕ್ಕೆ ಜೊತೆಗಾರನಾಗಿ ಒಬ್ಬ ಹುಡುಗ.

ಲೆಕ್ಕದಲ್ಲಿ ಯಾಕೆ ತಪ್ಪುತ್ತಿದ್ದ ಅನ್ನೋದೂ ಆಗಲೇ ಹೊರಬಂತು. ‘ಹೌ ಮೆನಿ ಆರ್ ಲೆಫ್ಟ್?’ ಅಂದರೆ ಎಡಗಡೆಯ ಚಿತ್ರ ಎಣಿಸುತ್ತಿದ್ದನಂತೆ! ಕಳೆಯೋ ಲೆಕ್ಕ ಅವನಿಗೆ ಬರುತ್ತಿತ್ತು. ‘ಉಳಿದಿದ್ದೆಷ್ಟು’ ಅಂತ ಕೇಳುತ್ತಿದ್ದಾರೆ ಅನ್ನೋದು ಗೊತ್ತಿರಲಿಲ್ಲ.

“ನಾವು ಮನೇಲಿ ಇನ್ಮೇಲೆ ಇಂಗ್ಲಿಷೇ ಮಾತಾಡ್ತೀವಿ,” ಅಂದೆ ಒಮ್ಮೆ. ಆ ಟೀಚರ್ ತಲೆ ಅಲ್ಲಾಡಿಸಿದರು. “ಬೇಡ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಕಥೆ ಹೇಳಿ. ಒಂದು ಭಾಷೆಯಲ್ಲಿ ಯೋಚನೆ ಗಟ್ಟಿಯಾದರೆ ಇನ್ನೊಂದಕ್ಕೂ ಅದೇ ಬಲ.” ಕೆನಡಾದ ಭಾಷಾತಜ್ಞ ಜಿಮ್ ಕಮಿನ್ಸ್ ದಶಕಗಳಿಂದ ಹೇಳುತ್ತಿರುವುದೂ ಇದನ್ನೇ. ಆಟದ ಬಯಲಿನ ಮಾತು ಒಂದೆರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷವೂ ಬೇಕಾಗಬಹುದು ಎಂದು ತೋರಿಸಿದವರೂ ಅವರೇ. ಹಾಗಾಗಿ ಮಗು ಗೆಳೆಯರ ಜೊತೆ ಚಟಪಟ ಮಾತಾಡಿದ ಕೂಡಲೇ ‘ಇನ್ನು ನೆರವು ಸಾಕು’ ಅನ್ನಬೇಡಿ.

ಅವತ್ತಿನಿಂದ ದಾವಣಗೆರೆಯ ಅಜ್ಜಿ ವೀಡಿಯೊ ಕಾಲ್‌ನಲ್ಲಿ ಮತ್ತೆ ಕಥೆ ಶುರು ಮಾಡಿದರು. ಫೆಬ್ರವರಿಯಲ್ಲಿ ಮಗ ಕ್ಲಾಸಿನಲ್ಲಿ ಎದ್ದು ನಿಂತು ಕಾಗಕ್ಕ ಗುಬ್ಬಕ್ಕನ ಕಥೆಯನ್ನು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ. ಅವನು ಕ್ಲಾಸಿನ ಮುಂದೆ ಆಡಿದ ಮೊದಲ ದೊಡ್ಡ ಮಾತು ಅದು.

ಹೊರಡುವವರಿಗೆ ನಾಲ್ಕು ಮಾತು

* ಫಾರ್ಮಿನಲ್ಲಿ ನಿಜ ಬರೆಯಿರಿ. ತಪ್ಪಾಗಿ ಬರೆದಿದ್ದರೆ ಶಾಲೆಗೆ ಹೇಳಿ ತಿದ್ದಿಸಿ, ನಾಚಿಕೆ ಬೇಡ.
* ಸ್ಕ್ರೀನರ್ ಆದ ಮೇಲೆ ಒಟ್ಟು ಅಂಕ ನೋಡಿ ಸುಮ್ಮನಾಗಬೇಡಿ. ನಾಲ್ಕನ್ನೂ ಬೇರೆಬೇರೆಯಾಗಿ ಕೇಳಿ.
* ಇಂಗ್ಲಿಷ್ ಕಲಿಯುವುದಕ್ಕೂ ಕಲಿಕೆಯ ತೊಂದರೆಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ಮಾಡಬೇಡಿ.
* ಶಾಲೆಯ ಮಾತು ನಿಮಗೇ ಅರ್ಥವಾಗದಿದ್ದರೆ ದುಭಾಷಿ ಬೇಕು ಅಂತ ಕೇಳಿ. ಅದೂ ಹಕ್ಕು.

ಮಗ ಈಗ ಮೂರನೇ ಕ್ಲಾಸ್. ವರ್ಷದ ಪರೀಕ್ಷೆಯಲ್ಲಿ ಇನ್ನೂ ಪೂರ್ತಿ ದಾಟಿಲ್ಲ, ಅರ್ಧ ಗಂಟೆಯ ಪಾಠ ಮುಂದುವರಿದಿದೆ. ನನಗೇನೂ ಬೇಜಾರಿಲ್ಲ. ಹೋದ ತಿಂಗಳು ಹೈದರಾಬಾದಿನಿಂದ ಒಬ್ಬ ಹುಡುಗ ಹೊಸದಾಗಿ ಸೇರಿದನಂತೆ. ಎರಡನೇ ದಿನ ಆ ಹುಡುಗ ಸುಮ್ಮನೆ ಕಿರುಬೆರಳು ಎತ್ತಿ ಕೂತಿದ್ದ.

“ಮಿಸ್‌ಗೆ ಗೊತ್ತಾಗ್ಲಿಲ್ಲ ಅಮ್ಮ,” ಅಂದ ನನ್ನ ಮಗ, ಅನ್ನ ಕಲಸುತ್ತಾ. “ನಾನೇ ಎದ್ದು ಹೇಳ್ದೆ.”